ಒಂದೇ ತಂತಿಗೆ ಮೂರು ರೇಡಿಯೋ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಗೆಳೆಯರು ಮೊನ್ನೆ ಫೋನ್ ಮಾಡಿದರು. "ಒಂಬತ್ತನೆಯ ತರಗತಿಯ ಮಕ್ಕಳ ಕೈಯಿಂದ ಒಂದು ಶಾರ್ಟ್‌ವೇವ್ ರೇಡಿಯೋ ಮಾಡಿಸಬೇಕೆಂದಿದ್ದೇನೆ ಮಾರಾಯರೇ. ಕಿಟ್‌ಗಳು ನಾಲ್ಕಾರು ಬಗೆಯವು ಕಾಣುತ್ತವೆ. ನೀವು ಮೂರನ್ನು ಜೋಡಿಸಿ ನೋಡಿದವರು. ಯಾವುದನ್ನು ತರಿಸಲಿ?" ಉತ್ತರ ಕೊಡಲು ಹೋಗಿ ಮುಕ್ಕಾಲು ಗಂಟೆ ಮಾತಾಡಿದೆ, ಆದರೂ ಹೇಳಬೇಕಾದದ್ದರಲ್ಲಿ ಅರ್ಧ ಉಳಿಯಿತು. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಜೋಡಿಸಿದ ಮೂರು ಇವು. ಒಂದು, ರೀಜನರೇಟಿವ್ ರಿಸೀವರ್. ಎರಡು ಟ್ರಾನ್ಸಿಸ್ಟರ್, ಸದ್ದು ಹೆಚ್ಚಿಸುವ ಒಂದು ಎಲ್‌ಎಂ386 ಐಸಿ (ಚಿಪ್ಪು), ಕೈಯಲ್ಲೇ ಸುತ್ತಬೇಕಾದ ಒಂದು ಕಾಯಿಲ್ (ತಂತಿಯ ಸುರುಳಿ). ಎರಡನೆಯದು ಡೈರೆಕ್ಟ್ ಕನ್ವರ್ಶನ್ ಬಗೆಯದು, ಎನ್‌ಇ602 ಜಾತಿಯ ಐಸಿಯನ್ನು ನಡುವೆ ಇಟ್ಟುಕೊಂಡು 7 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡ್ (ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರ ಜಾಗ) ಮಾತ್ರ ಹಿಡಿಯುವಂಥದು. ಮೂರನೆಯದು ಸೂಪರ್‌ಹೆಟ್. ಇಪ್ಪತ್ತೆಂಟು ಕಾಲಿನ ಒಂದೇ ಚಿಪ್ಪಿನಲ್ಲಿ ಎಫ್‌ಎಂ, ಮೀಡಿಯಂ ವೇವ್, ಶಾರ್ಟ್‌ವೇವ್ ಮೂರೂ ಇರುವ, ಅಂಗಡಿಯ ರೇಡಿಯೋದ ಹತ್ತಿರದ ಸಂಬಂಧಿ. ಅಂಚೆ ವೆಚ್ಚ ಸೇರಿ ಮೊದಲನೆಯದಕ್ಕೆ ನಾನು ಕೊಟ್ಟದ್ದು ಸುಮಾರು 700 ರೂಪಾಯಿ, ಎರಡನೆಯದಕ್ಕೆ 1,200, ಮೂರನೆಯದಕ್ಕೆ 850. ಬೆಲೆಯ ವ್ಯತ್ಯಾಸ ದೊಡ್ಡದಲ್ಲ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ನಮ್ಮ ಮನೆ ಇರುವುದು ನೀರ್ಚಾಲಿನಿಂದ ಒಳಗೆ, ತೋಟದ ಬದಿಯಲ್ಲಿ. ಮೂರು ಸೆಟ್ಟುಗಳನ್ನೂ ಜಗಲಿಯ ಒಂದೇ ಮೇಜಿನ ಮೇಲೆ, ಒಂದೇ ಏರಿಯಲ್ ತಂತಿಗೆ ಕೊಟ್ಟು, ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಕೇಳಿದ್ದೇನೆ. ಹೋಲಿಸುವವನು ತಂತಿಯನ್ನು ಬದಲಿಸಬಾರದು. ಸೆಟ್ಟಿಗಿಂತ ತಂತಿ ಹೆಚ್ಚು ಮಾತಾಡುತ್ತದೆ.

ತಂತಿಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಮನೆಯ ಹಿಂದಿನ ಹಲಸಿನ ಮರದಿಂದ ಅಂಗಳದಾಚೆಯ ತೆಂಗಿನ ಮರದವರೆಗೆ ಇಪ್ಪತ್ತು ಮೀಟರ್ ಸಾದಾ ವಯರಿಂಗ್ ತಂತಿ ಎಳೆದಿದ್ದೇನೆ. ಕೊಂಬೆಗೆ ಹಗ್ಗ ದಾಟಿಸಲು ಅಡಿಕೆ ಕೊಯ್ಯುವ ದೋಟಿ ಸಾಕಾಯಿತು. ಯಾರೂ ಮರ ಹತ್ತಬೇಕಾಗಲಿಲ್ಲ. ಎರಡು ತುದಿಗೂ ಪಿವಿಸಿ ಪೈಪಿನ ಗೇಣುದ್ದದ ತುಂಡು ಕಟ್ಟಿದರೆ ಮಳೆಯಲ್ಲಿ ಒದ್ದೆಯಾದ ಮರಕ್ಕೂ ತಂತಿಗೂ ಸಂಬಂಧ ತಪ್ಪುತ್ತದೆ. ಅರ್ತಿಂಗಿಗೆ ಮೊದಲು ಅಂಗಳದ ಮೂಲೆಯಲ್ಲಿ ಕಂಬಿ ಹೊಡೆದೆ. ಮುರಕಲ್ಲಿನ ನೆಲ, ಫೆಬ್ರವರಿ ಬರುವಷ್ಟರಲ್ಲಿ ಒಣಗಿ ಕಂಬಿ ಇದ್ದೂ ಇಲ್ಲದಂತಾಯಿತು. ಆಮೇಲೆ ಬಚ್ಚಲಿನ ನೀರು ಹರಿದುಹೋಗುವ ಬಾಳೆ ಬುಡದಲ್ಲಿ ಹೊಡೆದೆ. ಅಲ್ಲಿ ವರ್ಷವಿಡೀ ತೇವ ಇರುತ್ತದೆ. ಈ ಒಂದು ಬದಲಾವಣೆಯಿಂದ ರೀಜನರೇಟಿವ್ ಸೆಟ್ಟಿನ ಸ್ವಭಾವವೇ ಶಾಂತವಾಯಿತು.

ಸಿಡಿಲಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಏಪ್ರಿಲ್, ಮೇ ತಿಂಗಳಲ್ಲೂ ಮಳೆಗಾಲ ಮುಗಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲೂ ನಮ್ಮ ಕಡೆ ಮಧ್ಯಾಹ್ನ ದಾಟಿದರೆ ಗುಡುಗು ಶುರುವಾಗುತ್ತದೆ. ತಂತಿಯ ತುದಿಯನ್ನು ಮನೆಯೊಳಗೆ ಬಿಡದೆ, ಹೊರಗೇ ಕಳಚಿ ಅರ್ತಿಂಗಿಗೆ ಸಿಕ್ಕಿಸಿ ಇಡುವ ಅಭ್ಯಾಸವನ್ನು ಮಕ್ಕಳಿಗೆ ಬೆಸುಗೆ ಕಲಿಸುವ ಮೊದಲೇ ಕಲಿಸಬೇಕು. ಕಿವಿಗೆ ಗುಡುಗು ಕೇಳಿಸುವುದಕ್ಕೆ ಬಹಳ ಮುಂಚೆಯೇ ರೇಡಿಯೋದಲ್ಲಿ 'ಚರಚರ' ಎಂಬ ಸದ್ದು ಬಂದಿರುತ್ತದೆ. ಅದೇ ಎಚ್ಚರಿಕೆ.

ಇನ್ನು ಗದ್ದಲ. ಮೊದಲ ಸಂಜೆ ಯಾವ ಸೆಟ್ಟನ್ನು ಹಾಕಿದರೂ ಬರುತ್ತಿದ್ದುದು ಜೇನುಗೂಡಿಗೆ ಕಲ್ಲು ಹೊಡೆದಂಥ ಮೊರೆತ. ಕಿಟ್ ಕೆಟ್ಟಿದೆಯೆಂದೇ ಭಾವಿಸಿದ್ದೆ. ಮೇನ್ ಸ್ವಿಚ್ ತೆಗೆದು, ಇನ್ವರ್ಟರನ್ನೂ ಆರಿಸಿ, 12 ವೋಲ್ಟಿನ ಬ್ಯಾಟರಿಯಲ್ಲಿ ಕೇಳಿದಾಗ ಮುಕ್ಕಾಲು ಪಾಲು ಗದ್ದಲ ಸತ್ತಿತು. ಒಂದೊಂದಾಗಿ ಹಚ್ಚುತ್ತ ಬಂದಾಗ ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು, ಇಂಟರ್ನೆಟ್ ಮೋಡೆಮಿನ ಅಡಾಪ್ಟರ್, ಸೋಲಾರ್ ಚಾರ್ಜರ್, ಈ ಮೂರು ಸಿಕ್ಕಿಬಿದ್ದವು. ಉಳಿದದ್ದು ಒಂದು 'ಟಕ್, ಟಕ್', ಗಡಿಯಾರದಂತೆ ಸೆಕೆಂಡಿಗೊಮ್ಮೆ. ಅದು ಯಾವುದೆಂದು ತಿಳಿಯಲು ವಾರ ಹಿಡಿಯಿತು. ಕಾಡುಹಂದಿ ಬಾರದಂತೆ ತೋಟದ ಸುತ್ತ ಹಾಕಿದ ಸೋಲಾರ್ ಬೇಲಿಯ ಹೊಡೆತ! ಬೇಲಿಯ ತಂತಿಗೆ ಒಂದು ಕಡೆ ಕಾಡುಬಳ್ಳಿ ತಾಗಿ ಕಿಡಿ ಹಾರುತ್ತಿತ್ತು. ಬಳ್ಳಿ ಸವರಿದ ಮೇಲೆ ಸದ್ದು ಕೇಳಿಯೂ ಕೇಳದಂತಾಯಿತು. ಈಗ 'ಟಕ್ ಟಕ್' ಜೋರಾದರೆ ಬೇಲಿ ನೋಡಿ ಬರುತ್ತೇನೆ. ರೇಡಿಯೋದಿಂದ ತೋಟಕ್ಕೆ ಆದ ಉಪಕಾರ ಇದು.

ಕೂದಲೆಳೆಯ ಮೇಲೆ ನಿಲ್ಲುವ ರೇಡಿಯೋ

ರೀಜನರೇಟಿವ್ ಎಂಬ ಹೆಸರು ಮಕ್ಕಳನ್ನು ಹೆದರಿಸಬಹುದು. ಸಂಗತಿ ಮಾತ್ರ ನಮ್ಮೂರಿನ ಎಲ್ಲರಿಗೂ ಗೊತ್ತಿರುವುದೇ. ಬಯಲಾಟದಲ್ಲಿ ಧ್ವನಿವರ್ಧಕದ ಸದ್ದು ತಿರುಗಿ ಮೈಕಿಗೆ ಹೊಕ್ಕರೆ 'ಕುಂಯ್' ಎಂದು ಕೂಗುತ್ತದೆಯಲ್ಲ, ಮೈಕಿನವನು ಓಡಿ ಬಂದು ಗುಂಡಿ ತಿರುಗಿಸುತ್ತಾನೆ. ಆ ಕೂಗು ಹುಟ್ಟುವುದಕ್ಕೆ ಒಂದು ಕೂದಲೆಳೆಯಷ್ಟು ಮೊದಲು ಭಾಗವತರ ಸ್ವರ ಎಷ್ಟು ತುಂಬಿಕೊಂಡು ಬರುತ್ತದೆ ಎಂಬುದನ್ನು ಆಟ ನೋಡುವವರು ಗಮನಿಸಿರುತ್ತಾರೆ. ಈ ರೇಡಿಯೋ ಕೆಲಸ ಮಾಡುವುದು ಆ ಕೂದಲೆಳೆಯ ಮೇಲೆ. ಟ್ರಾನ್ಸಿಸ್ಟರ್ ದೊಡ್ಡದು ಮಾಡಿದ ಅಲೆಯಲ್ಲಿ ಒಂದು ಪಾಲನ್ನು ಪುನಃ ಕಾಯಿಲ್‌ಗೆ ಉಣಿಸುತ್ತೇವೆ. ಉಣಿಸಿದಷ್ಟೂ ಅದು ಬೆಳೆಯುತ್ತದೆ, ಜೊತೆಗೆ ಪಕ್ಕದ ಸ್ಟೇಷನ್ನುಗಳಿಂದ ಬೇರ್ಪಟ್ಟು ನಿಲ್ಲುತ್ತದೆ. ಗೆರೆ ದಾಟಿದರೆ ಕೂಗು.

ಇದನ್ನು ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಆಗ, 1912ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ. ಪೇಟೆಂಟ್ ಸಿಕ್ಕಿದ್ದು 1914ರಲ್ಲಿ. ನನ್ನ ಮೇಜಿನ ಮೂರನೆಯ ಸೆಟ್ಟಾದ ಸೂಪರ್‌ಹೆಟ್ ಕೂಡ ಅವನದೇ ತಲೆಯಿಂದ 1918ರಲ್ಲಿ ಬಂದದ್ದು. ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಹುಟ್ಟಿದ ಸರ್ಕ್ಯೂಟನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು ನನಗೆ ಬಹಳ ಸರಿಯೆನಿಸುತ್ತದೆ.

ಕಾಯಿಲ್ ಸುತ್ತಿದ್ದು ನನ್ನ ಮಗಳು. 25 ಮಿಲಿಮೀಟರ್ ಹೊರವ್ಯಾಸದ ಪಿವಿಸಿ ಪೈಪಿನ ತುಂಡು, 26 ಗೇಜಿನ ಎನಾಮಲ್ ತಾಮ್ರದ ತಂತಿ, ಒಂದಕ್ಕೊಂದು ತಾಗುವಂತೆ ಹದಿನಾರು ಸುತ್ತು. ತಂತಿಯ ಒಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ, ಬಿಗಿಯಾಗಿ ಎಳೆದು ಹಿಡಿದು, ಪೈಪನ್ನು ತಿರುಗಿಸುತ್ತ ಕಂಬದ ಕಡೆಗೆ ನಡೆದು ಬಂದಳು. ತಂತಿ ಎಲ್ಲಿಯೂ ಮಡಿಯಲಿಲ್ಲ. ಹದಿನಾರು ಸುತ್ತು ಪೈಪಿನ ಮೇಲೆ ಎಂಟು ಮಿಲಿಮೀಟರ್ ಅಗಲದ ಒಂದು ಹೊಳೆಯುವ ಪಟ್ಟಿಯಂತೆ ಕುಳಿತವು. ಅದರ ಕೆಳಗೆ ಮರಳಿ ಉಣಿಸುವ ಚಿಕ್ಕ ಸುರುಳಿ, ನಾಲ್ಕು ಸುತ್ತು. ಸುತ್ತಿ ಮುಗಿದ ಮೇಲೆ ಜೇನುಮೇಣ ಕರಗಿಸಿ ಹನಿ ಹನಿಯಾಗಿ ಬಿಟ್ಟೆವು. ಜೂನ್ ತಿಂಗಳಲ್ಲಿ ಪುಸ್ತಕದ ರಟ್ಟಿಗೂ ಬೂಸಲು ಹಿಡಿಯುವ ಊರು ನಮ್ಮದು. ರಟ್ಟಿನ ಕೊಳವೆಯ ಮೇಲೆ ಸುತ್ತಿದ ಕಾಯಿಲ್ ತೇವ ಕುಡಿದು ದಿನಕ್ಕೊಂದು ಜಾಗದಲ್ಲಿ ಸ್ಟೇಷನ್ ತೋರಿಸುತ್ತದೆ. ಪ್ಲಾಸ್ಟಿಕ್ ಪೈಪು, ಜೇನುಮೇಣ, ಇವೆರಡಿದ್ದರೆ ಆ ಕಾಟವಿಲ್ಲ. ಈ ಕಾಯಿಲ್‌ಗೆ ಸಾಮಾನ್ಯ ಪ್ಲಾಸ್ಟಿಕ್ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಬದಲಿಸಲು ತಿರುಗಿಸುವ ಭಾಗ) ಕೊಟ್ಟರೆ ಸುಮಾರು 4.5ರಿಂದ 12 ಮೆಗಾಹರ್ಟ್ಸ್‌ವರೆಗೆ ಸಿಗುತ್ತದೆ. ಅಂದರೆ ಪ್ರಸಾರ ಕೇಂದ್ರಗಳಿರುವ, ಅಲೆಯ ಉದ್ದದಿಂದ ಹೆಸರಿಸುವ 49, 41, 31 ಮೀಟರ್ ಬ್ಯಾಂಡುಗಳು ಪೂರ್ತಿ, ತುದಿಯಲ್ಲಿ 25 ಮೀಟರಿನದೂ ಬಹುಪಾಲು.

ಎರಡು ಸಂಜೆ ಏನೂ ಬರಲಿಲ್ಲ. ಬೆಸುಗೆಗಳನ್ನು ಲೆನ್ಸ್ ಹಿಡಿದು ನೋಡಿದೆ, ಟ್ರಾನ್ಸಿಸ್ಟರಿನ ಕಾಲುಗಳನ್ನು ಮೀಟರಿನಲ್ಲಿ ಅಳೆದೆ. ಎಲ್ಲವೂ ಸರಿ. ಮೂರನೆಯ ಸಂಜೆ ಮಗಳು ಕೇಳಿದಳು, "ಅಪ್ಪಾ, ಚಿಕ್ಕ ಸುರುಳಿಯನ್ನು ಈ ಕಡೆಯಿಂದ ಸುತ್ತಬೇಕಿತ್ತೋ, ಆ ಕಡೆಯಿಂದಲೋ?" ಆ ಸುರುಳಿಯ ಎರಡು ತುದಿಗಳನ್ನು ಬಿಡಿಸಿ ಅದಲುಬದಲು ಮಾಡಿ ಬೆಸೆದೆವು. ಮರಳಿ ಉಣಿಸುವುದನ್ನು ಹೆಚ್ಚಿಸುವ ಗುಂಡಿ ತಿರುಗಿಸುತ್ತ ಹೋದಂತೆ ಅರ್ಧ ದಾರಿಯಲ್ಲಿ 'ಬುಸ್' ಎಂದು ಮೆಲ್ಲನೆ ಉಸಿರು ಬಂತು. ಇನ್ನೊಂದು ಗುಂಡಿಯನ್ನು ಅಲುಗಿಸಿದ್ದೇ ತಡ, ಯಾವುದೋ ದೇಶದ ಹೆಂಗಸೊಬ್ಬಳು ನಮಗೆ ತಿಳಿಯದ ಭಾಷೆಯಲ್ಲಿ ವಾರ್ತೆ ಓದುತ್ತಿದ್ದಳು. ಮರಳಿ ಉಣಿಸುವ ಅಲೆ ಮೂಲದ ಅಲೆಯೊಂದಿಗೆ ಹೆಜ್ಜೆ ಹಾಕಬೇಕು. ಎದುರು ನಿಂತರೆ ಅದನ್ನು ಅಡಗಿಸಿಬಿಡುತ್ತದೆ. ಫೇಸ್ ಎಂಬ ಪಾಠವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಆ ಎರಡು ತುದಿಗಳಷ್ಟು ಚೆನ್ನಾಗಿ ಕಲಿಸಲಾಗದು.

ಇದರ ತೊಡಕುಗಳನ್ನೂ ಹೇಳಬೇಕು. ಮೊದಲನೆಯದು, ಕೈ ಹತ್ತಿರ ಬಂದರೆ ಸ್ಟೇಷನ್ ಸರಿದುಹೋಗುತ್ತದೆ. ನಮ್ಮ ದೇಹವೇ ಒಂದು ಚಿಕ್ಕ ಕಂಡೆನ್ಸರ್. ಮುಂದಿನ ಫಲಕಕ್ಕೆ ತಾಮ್ರದ ಹೊದಿಕೆಯ ಬೋರ್ಡಿನ ತುಂಡು ಹಾಕಿ ಅದನ್ನು ಅರ್ತಿಂಗಿಗೆ ಸೇರಿಸಿದರೆ, ಗ್ಯಾಂಗಿನ ತಿರುಗುವ ಭಾಗವೂ ಅರ್ತಿನ ಕಡೆಗೇ ಇದ್ದರೆ, ಇದು ಬಹುತೇಕ ಹೋಗುತ್ತದೆ. ಎರಡನೆಯದು, ಒಂದು ಅರ್ಧ ಸುತ್ತಿನೊಳಗೆ ಏಳು ಮೆಗಾಹರ್ಟ್ಸ್ ತುಂಬಿಕೊಂಡಿರುವುದರಿಂದ ಉಗುರಿನಷ್ಟು ತಿರುಗಿಸಿದರೆ ಐದು ಸ್ಟೇಷನ್ ದಾಟಿರುತ್ತದೆ. ಇದಕ್ಕೆ 1ಎನ್4007 ಡಯೋಡನ್ನು ಉಲ್ಟಾ ವೋಲ್ಟೇಜಿನಲ್ಲಿ ಇಟ್ಟು, ಒಂದು ಪೊಟೆನ್ಶಿಯೋಮೀಟರಿನಿಂದ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ನಡೆಸಿದೆ. ಎರಡು ರೂಪಾಯಿಯ ಆ ಡಯೋಡ್ ಚಿಕ್ಕ ಗ್ಯಾಂಗಿನ ಕೆಲಸ ಮಾಡುತ್ತದೆ. ಮೂರನೆಯದು, ಉಣಿಸುವ ಗುಂಡಿ ನಮ್ಮಲ್ಲಿ ಮೊದಲು 'ಟಪ್' ಎಂದು ಒಮ್ಮೆಲೇ ಕೂಗಿಗೆ ಹಾರುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಬೇಗ ಬಿಡುತ್ತಿರಲಿಲ್ಲ. ಚಿಕ್ಕ ಸುರುಳಿಯ ಒಂದು ಸುತ್ತು ಬಿಚ್ಚಿ ಮೂರಕ್ಕೆ ಇಳಿಸಿದ ಮೇಲೆ ಅದು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯವಾಯಿತು.

ಎಲ್‌ಎಂ386ರ ಒಂದನೆಯ ಮತ್ತು ಎಂಟನೆಯ ಕಾಲಿನ ನಡುವೆ ಕಿಟ್‌ನವರು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ ಕೊಟ್ಟಿದ್ದರು. ಆಗ ಅದು ಸದ್ದನ್ನು ಇನ್ನೂರು ಪಟ್ಟು ಮಾಡುತ್ತದೆ, ಬುಸುಗುಟ್ಟುವಿಕೆಯನ್ನೂ ಕೂಡ. ಕೆಪಾಸಿಟರಿಗೆ ಸಾಲಾಗಿ 1.2 ಕಿಲೋ ಓಮ್ ಸೇರಿಸಿ ಐವತ್ತಕ್ಕೆ ಇಳಿಸಿದೆ. ಇಯರ್‌ಫೋನಿಗೆ ಅಷ್ಟೇ ಸಾಕು.

ಎಡಗೈ ಉಣಿಸುವ ಗುಂಡಿಯ ಮೇಲೆ, ಬಲಗೈ ಟ್ಯೂನಿಂಗ್ ಮೇಲೆ. ಹೀಗೆ ಎರಡು ಕೈಯಿಂದ ಕೇಳಬೇಕಾದ ರೇಡಿಯೋ ಇದು. ಗೆರೆಯ ಈಚೆ ಇದ್ದರೆ ದೇಶವಿದೇಶಗಳ ಪ್ರಸಾರ, ಗೆರೆಯನ್ನು ಸ್ವಲ್ಪವೇ ದಾಟಿಸಿದರೆ ಹ್ಯಾಮ್‌ಗಳ ಮಾತು ಮತ್ತು ಮೋರ್ಸ್ ಸಂಕೇತ. ಮೂರು ಸೆಟ್ಟುಗಳಲ್ಲಿ ಈ ಎರಡೂ ಕೆಲಸ ಮಾಡುವುದು ಇದೊಂದೇ. 10 ಮೆಗಾಹರ್ಟ್ಸ್‌ನಲ್ಲಿ ಸಂಜೆ ಹೊತ್ತು ಚೀನಾದ ಬಿಪಿಎಂ ಸಮಯ ಸಂಕೇತ, ಸೆಕೆಂಡಿಗೊಂದು ಮಿಣುಕಿನಂಥ ಸದ್ದು, ಕೇಳಿಸುತ್ತದೆ. ಮಗಳು ಅದನ್ನೇ ಗುರುತಿಟ್ಟು ಕಾಗದದ ಡಯಲ್ ಬರೆದಳು.

ಇನ್ನೊಂದು ಸಂಗತಿ ಮೂರು ಸೆಟ್ಟುಗಳು ಒಟ್ಟಿಗಿದ್ದುದರಿಂದಲೇ ಗೊತ್ತಾದದ್ದು. ಚಾವಡಿಯಲ್ಲಿ ಸೂಪರ್‌ಹೆಟ್ ಇಟ್ಟು ಒಂದು ಸ್ಟೇಷನ್ ಕೇಳುತ್ತಿದ್ದೆ. ಜಗಲಿಯಲ್ಲಿ ಮಗಳು ರೀಜನರೇಟಿವ್ ತಿರುಗಿಸಿದಾಗ ನನ್ನ ಸೆಟ್ಟಿನಲ್ಲಿ ಮೇಲಿಂದ ಕೆಳಗಿಳಿಯುವ ಶಿಳ್ಳೆಯೊಂದು ಹಾದುಹೋಯಿತು. ಗೆರೆ ದಾಟಿದ ರೀಜನರೇಟಿವ್ ಸ್ವತಃ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಏರಿಯಲ್ ಮತ್ತು ಕಾಯಿಲ್ ನಡುವೆ ಇನ್ನೊಂದು ಟ್ರಾನ್ಸಿಸ್ಟರಿನ ತಡೆ ಇರುವ ಕಿಟ್ಟನ್ನೇ ಆರಿಸಿಕೊಳ್ಳಬೇಕು. ನಮ್ಮ ಕಿಟ್ಟಿನಲ್ಲಿ ಅದು ಇತ್ತು, ಆದರೆ ಬೋರ್ಡಿನ ಮೇಲಿನ ಒಂದು ತಂತಿ ಕಾಯಿಲ್‌ಗೆ ತೀರ ಹತ್ತಿರ ಬಿದ್ದಿತ್ತು. ಅದನ್ನು ದೂರ ಬಾಗಿಸಿದ ಮೇಲೆ ಶಿಳ್ಳೆ ಕ್ಷೀಣವಾಯಿತು.

ಮಾತು ಕೇಳುವುದಕ್ಕೇ ಹುಟ್ಟಿದ್ದು

ಡೈರೆಕ್ಟ್ ಕನ್ವರ್ಶನ್ ಸೆಟ್ಟಿನ ತರ್ಕ ಮೂರರಲ್ಲಿ ಎಲ್ಲಕ್ಕಿಂತ ಸರಳ. ಬರುವ ಅಲೆ 7,100 ಕಿಲೋಹರ್ಟ್ಸ್ ಇದ್ದರೆ, ಸೆಟ್ಟಿನೊಳಗೆ ಅದಕ್ಕೆ ತೀರ ಹತ್ತಿರದ ಇನ್ನೊಂದು ಅಲೆ ಹುಟ್ಟಿಸಿ ಎರಡನ್ನೂ ಬೆರೆಸುತ್ತೇವೆ. ಎರಡರ ವ್ಯತ್ಯಾಸವೇ ಕಿವಿಗೆ ಕೇಳುವ ಸದ್ದು. ನಡುವೆ ಬೇರೆ ಮೆಟ್ಟಿಲಿಲ್ಲ. ಜೋಡಿಸಲು ನನಗೆ ಒಂದು ಭಾನುವಾರ ಸಾಕಾಯಿತು, ಹಾಕಿದ ಕೂಡಲೇ ಮಾತಾಡಿತು.

ಮೊದಲು ಸಿಕ್ಕಿದ್ದು ಬೆಳಗ್ಗೆ ಏಳರ ಹೊತ್ತಿಗೆ, ವಿಯು2 ಎಂದು ಶುರುವಾಗುವ ಕರೆಸಂಕೇತದವರೊಬ್ಬರು ಕನ್ನಡದಲ್ಲಿ ತಮ್ಮೂರಿನ ಮಳೆಯ ಲೆಕ್ಕ ಹೇಳುತ್ತಿದ್ದುದು. ಸ್ವರ ಎಷ್ಟು ತಿಳಿಯಾಗಿತ್ತೆಂದರೆ ಅವರು ಲೋಟ ಕೆಳಗಿಟ್ಟದ್ದೂ ಕೇಳಿಸಿತು. ಈ ತಿಳಿತನ ಬೇರೆ ಎರಡು ಸೆಟ್ಟುಗಳಿಗಿಲ್ಲ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 7.0ರಿಂದ 7.2 ಮೆಗಾಹರ್ಟ್ಸ್ ಇದೆ. ಬೆಳಗ್ಗೆ ಅಲ್ಲಿ ಮಲಯಾಳ, ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲವೂ ಸಿಗುತ್ತವೆ. ಗಡಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದರಲ್ಲಿ ಯಾವುದೂ ಪರಕೀಯವಲ್ಲ.

ಆದರೆ ಕತ್ತಲಾದ ಮೇಲೆ ಇದರ ಬಲ ಕುಂದುತ್ತದೆ. ಹ್ಯಾಮ್ ಬ್ಯಾಂಡಿನ ಗೋಡೆಗೆ ತಾಗಿಕೊಂಡೇ, 7.2ರಿಂದ 7.45ರವರೆಗೆ, 41 ಮೀಟರಿನ ಪ್ರಸಾರ ಕೇಂದ್ರಗಳಿವೆ. ಅವುಗಳ ಶಕ್ತಿ ನೂರಾರು ಕಿಲೋವಾಟ್, ಹ್ಯಾಮ್‌ನದು ನೂರು ವಾಟ್. ಈ ಐಸಿಗೆ ಅಂಥ ಭಾರ ಹೊರುವ ತಾಕತ್ತಿಲ್ಲ. ರಾತ್ರಿ ಎಂಟಕ್ಕೆ ಡಯಲ್ ಎಲ್ಲಿ ತಿರುಗಿಸಿದರೂ ಹಿಂದೆ ಒಂದು ಚೀನೀ ಹಾಡು ತೇಲುತ್ತಿರುತ್ತದೆ. ಏರಿಯಲ್ ಬರುವ ದಾರಿಯಲ್ಲಿ 1 ಕಿಲೋ ಓಮ್‌ನ ಪೊಟೆನ್ಶಿಯೋಮೀಟರ್ ಇಟ್ಟು ಸಂಕೇತವನ್ನು ತಗ್ಗಿಸಿದೆ. ಹಾಡು ಮಾಯವಾಗಿ ಮಾತು ಉಳಿಯಿತು. ಕಿಟ್ಟಿನಲ್ಲಿ ಇದನ್ನು ಕೊಡದೆ ಇರುವುದು ದೊಡ್ಡ ಕೊರತೆ.

ಇನ್ನೆರಡು ಗುಣ: ಒಂದೇ ಮಾತು ಡಯಲಿನ ಎರಡು ಪಕ್ಕಗಳಲ್ಲೂ ಬರುತ್ತದೆ, ಒಂದರಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ. ಸೆಟ್ಟಿನ ಬಲವೆಲ್ಲ ಆಡಿಯೋ ಭಾಗದಲ್ಲೇ ಇರುವುದರಿಂದ ಮೇಜನ್ನು ಬೆರಳಿನಿಂದ ತಟ್ಟಿದರೂ 'ಡಂಗ್' ಎನ್ನುತ್ತದೆ. ಅಡಾಪ್ಟರಿನಲ್ಲಿ ನಡೆಸಿದರೆ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ತಪ್ಪದು. ಬ್ಯಾಟರಿಯೇ ಬೇಕು.

ಅಂಗಡಿಯ ರೇಡಿಯೋದ ಸಂಬಂಧಿ

ಸೂಪರ್‌ಹೆಟ್ ಕಿಟ್ ಕೊಂಡದ್ದು ದೊಡ್ಡಪ್ಪನಿಗಾಗಿ. ಅವರಿಗೆ ಎಂಬತ್ತನಾಲ್ಕು. ಹಿಂದೆ ಮನೆಯ ಚಾವಡಿಯಲ್ಲಿ ಒಂದು ವಾಲ್ವ್ ಸೆಟ್ ಇತ್ತು. ರಾತ್ರಿ ರೇಡಿಯೋ ಸಿಲೋನ್ ಹಾಕಿದರೆ ಅಂಗಳದಲ್ಲಿ ನೆರೆಕರೆಯವರು ಸೇರುತ್ತಿದ್ದರು ಎಂದು ಅವರು ಈಗಲೂ ಹೇಳುತ್ತಾರೆ. ಉಳಿದೆರಡು ಸೆಟ್ಟುಗಳನ್ನು ತೋರಿಸಿದಾಗ ಆಸಕ್ತಿಯಿಂದಲೇ ಕೇಳಿ, ಕೊನೆಗೆ ಇಯರ್‌ಫೋನ್ ತೆಗೆದಿಟ್ಟು ಒಂದೇ ಮಾತು ಕೇಳಿದರು: "ಎಲ್ಲ ಸರಿ, ಇದರಲ್ಲಿ ಮಂಗಳೂರು ಬರುತ್ತದೆಯೋ?"

ಬರುವುದಿಲ್ಲ. ಮಂಗಳೂರು ಆಕಾಶವಾಣಿಯನ್ನು ನಮ್ಮ ಮನೆಯಲ್ಲಿ ಕೇಳುವುದು ಎಫ್‌ಎಂ 100.3 ಮೆಗಾಹರ್ಟ್ಸ್‌ನಲ್ಲಿ. ಮೂರನೆಯ ಕಿಟ್ಟಿಗೆ ಮಾತ್ರ ಅದು ಸಾಧ್ಯ. 1956ರಲ್ಲಿ ರಾಜ್ಯದ ಗೆರೆ ನಮ್ಮನ್ನು ಆಚೆಗೆ ಬಿಟ್ಟ ಮೇಲೂ ತಾಳಮದ್ದಳೆ, ಕೃಷಿಯ ಮಾತು, ಕನ್ನಡ ವಾರ್ತೆ ಎಲ್ಲವೂ ಆ ಕಡೆಯಿಂದಲೇ ಈ ಮನೆಗೆ ಬಂದಿವೆ. ಆದ್ದರಿಂದ ದೊಡ್ಡಪ್ಪನ ಪ್ರಶ್ನೆ ನನಗೆ ಚಿಕ್ಕದಾಗಿ ಕಾಣಲಿಲ್ಲ. ಹೋಲಿಕೆಯಲ್ಲಿ ಅದಕ್ಕೂ ಅಂಕ ಇರಬೇಕು.

ಜೋಡಣೆಯಲ್ಲಿ ಇದು ಮೂರರಲ್ಲಿ ಕಠಿಣ. ಚಿಪ್ಪಿನ ಇಪ್ಪತ್ತೆಂಟು ಕಾಲುಗಳು ಒಂದೂಕಾಲು ಮಿಲಿಮೀಟರಿಗೊಂದರಂತೆ ನಿಂತಿವೆ. ಮೊದಲು ಮೂಲೆಯ ಎರಡು ಕಾಲು ಬೆಸೆದು, ಜಾಗ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಉಳಿದವು. ಎರಡು ಕಾಲಿನ ನಡುವೆ ಬೆಸುಗೆ ಸೇತುವೆ ಕಟ್ಟಿದರೆ ತಾಮ್ರದ ಜಾಲರಿ ಬತ್ತಿಯಿಂದ ಹೀರಿಸಿ ತೆಗೆಯಬೇಕು. ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಮೊದಲ ಕೆಲಸವಾಗಿ ಬೇಡ. ಒಂದು ಕಾಲು ಎದ್ದುಬಂದರೆ ಕಿಟ್ ಅಲ್ಲಿಗೆ ಮುಗಿಯಿತು, ಮಗುವಿನ ಉತ್ಸಾಹವೂ.

ಇದರ ತರ್ಕ ಅಡಿಕೆ ಜರಡಿಯದು. ಯಾವ ತೋಟದಿಂದ ಬಂದರೂ ಒಂದೇ ಜರಡಿಗೆ ಸುರಿಯುತ್ತೇವಲ್ಲ, ಹಾಗೆ ಯಾವ ಸ್ಟೇಷನ್ ಬಂದರೂ ಅದನ್ನು 455 ಕಿಲೋಹರ್ಟ್ಸ್‌ಗೆ ತಿರುಗಿಸಿ, ಅಲ್ಲಿರುವ ಒಂದೇ ಫಿಲ್ಟರಿನಲ್ಲಿ ಸೋಸಲಾಗುತ್ತದೆ. ಈ ಸೋಸುವಿಕೆ ಅದ್ಭುತ. ರೀಜನರೇಟಿವ್‌ನಲ್ಲಿ ಒಂದರ ಮೇಲೊಂದು ಬಿದ್ದಿದ್ದ ಎರಡು ಸ್ಟೇಷನ್ನುಗಳು ಇಲ್ಲಿ ಬೇರೆ ಬೇರೆ ಕೇಳಿಸಿದವು. ದನಿ ಏರಿಳಿದಾಗ ಸೆಟ್ ತಾನಾಗಿ ಸರಿದೂಗಿಸಿಕೊಳ್ಳುತ್ತದೆ. ಕೈ ಹಾಕಿ ಕೂರಬೇಕಿಲ್ಲ, ಹಚ್ಚಿಟ್ಟು ಅಡಿಕೆ ಸುಲಿಯುತ್ತ ಕೇಳಬಹುದು.

ಆದರೆ ಬೆಸುಗೆ ಮುಗಿದ ಮೇಲೂ ಅದು ಹಾಗೆ ಕೇಳಿಸಲಿಲ್ಲ. ಡಬ್ಬಿಯೊಳಗಿನ ಕಾಯಿಲ್‌ಗಳ ತಲೆಯನ್ನು ತಿರುಗಿಸಿ ಶ್ರುತಿ ಮಾಡಬೇಕಿತ್ತು. ಕಿಟ್ಟಿನ ಕಾಗದದಲ್ಲಿ ಅದಕ್ಕೆ ಎರಡೇ ಸಾಲು. ಸಿಗ್ನಲ್ ಜನರೇಟರ್ ನನ್ನಲ್ಲಿಲ್ಲ. ಉಕ್ಕಿನ ಸ್ಕ್ರೂಡ್ರೈವರ್ ಹತ್ತಿರ ತಂದರೆ ಕಾಯಿಲಿನ ಗುಣವೇ ಬದಲಾಗುತ್ತದೆ. ತೆಗೆದ ಕೂಡಲೇ ಮತ್ತೆ ತಪ್ಪುತ್ತದೆ. ಒಣ ಬಿದಿರಿನ ಕಡ್ಡಿಯೊಂದನ್ನು ಕತ್ತಿಯಲ್ಲಿ ಹೆರೆದು, ತುದಿಯನ್ನು ಉಗುರಿನಷ್ಟು ತೆಳ್ಳಗೆ ಮಾಡಿಕೊಂಡೆ. ದೂರದ ದುರ್ಬಲ ಸ್ಟೇಷನ್ನೊಂದನ್ನು ಹಿಡಿದು, ಬಿದಿರನ್ನು ಕಾಯಿಲಿನ ಗೀರಿಗೆ ಇಳಿಸಿ, ಎಂಟನೆಯ ಒಂದು ಸುತ್ತಿನಷ್ಟು ಆಚೆ, ಈಚೆ. ಬಿರುಸಿನಿಂದ ತಿರುಗಿಸಿದರೆ ಒಳಗಿನ ಫೆರೈಟ್ ತಿರುಳು ಪುಡಿಯಾಗುತ್ತದೆ. ಸದ್ದು ಏರುತ್ತ ಏರುತ್ತ ಒಂದು ಶಿಖರ ಮುಟ್ಟಿ ಇಳಿಯತೊಡಗಿದಾಗ ಕೂದಲಷ್ಟು ಹಿಂದೆ ತಂದು ನಿಲ್ಲಿಸಿದೆ. ಜೋರಾದ ಸ್ಟೇಷನ್ ಹಿಡಿದುಕೊಂಡು ಇದನ್ನು ಮಾಡಬಾರದು. ಸೆಟ್ ತಾನೇ ಸದ್ದನ್ನು ಸರಿದೂಗಿಸುವುದರಿಂದ ಶಿಖರ ಎಲ್ಲಿದೆಯೆಂದು ಕಿವಿಗೆ ತಿಳಿಯುವುದಿಲ್ಲ. ಎರಡು ರಾತ್ರಿಯ ಕೆಲಸ. ಕೊನೆಗೆ ಬಂದ ಸ್ವರದಲ್ಲಿ ನನಗೆ ಮೂರು ಸೆಟ್ಟುಗಳಲ್ಲೇ ಅತಿ ಹೆಚ್ಚಿನ ತೃಪ್ತಿ ಸಿಕ್ಕಿತು ಎಂಬುದನ್ನು ಒಪ್ಪಲೇಬೇಕು.

ಅದರ ದೋಷ ಎರಡು. 9,500ರಲ್ಲಿರುವ ಸ್ಟೇಷನ್ 8,590ರಲ್ಲೂ ಕಾಣಿಸಿಕೊಳ್ಳುತ್ತದೆ, ಅಂದರೆ 455ರ ಎರಡು ಪಟ್ಟು, 910 ಕಿಲೋಹರ್ಟ್ಸ್ ಕೆಳಗೆ ಅದರ ನೆರಳು. ಹೊಸಬರು ನೆರಳನ್ನೇ ಸ್ಟೇಷನ್ ಎಂದು ಬರೆದುಕೊಳ್ಳುತ್ತಾರೆ. ಎರಡನೆಯದಾಗಿ, ಹ್ಯಾಮ್‌ಗಳ ಮಾತು ಇದರಲ್ಲಿ ಬಾತುಕೋಳಿ ಕೂಗಿದಂತೆ ಕೇಳುತ್ತದೆ, ಒಂದಕ್ಷರ ತಿಳಿಯುವುದಿಲ್ಲ.

ನಾಲ್ಕನೆಯ ಬಗೆಯೊಂದಿದೆ: ಎಸ್‌ಐ4732 ಎಂಬ ರೇಡಿಯೋ ಚಿಪ್ಪಿಗೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಜೋಡಿಸಿ, ಅಂಕಿಯಲ್ಲೇ ಫ್ರೀಕ್ವೆನ್ಸಿ ತೋರಿಸುವಂಥದು. ಪರಿಚಿತರೊಬ್ಬರು ಮಾಡಿದ್ದನ್ನು ಎರಡು ದಿನ ತಂದು ಅದೇ ತಂತಿಗೆ ಕೊಟ್ಟು ಕೇಳಿದೆ. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಸುತ್ತಲು ಕಾಯಿಲ್ ಇಲ್ಲ, ಕಾಣಲು ಅಲೆಯೂ ಇಲ್ಲ. ಮಾಡುವ ಕೆಲಸವೆಲ್ಲ ಪ್ರೋಗ್ರಾಮಿನದು. ಅದು ಬೇರೆಯೇ ವಿದ್ಯೆ, ಅದನ್ನು ಈ ಮೂರರ ಜೊತೆ ತೂಗುವುದು ಸರಿಯಲ್ಲ.

ಕೇಳಲು ಏನಿದೆ ಎಂದು ಗೆಳೆಯರು ಕೇಳಿದ್ದರು. ಹಿಂದಿನಷ್ಟಿಲ್ಲ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ಹಾಗಿದ್ದರೂ ಸಂಜೆ ಏಳರ ನಂತರ 31 ಮತ್ತು 41 ಮೀಟರ್ ಬ್ಯಾಂಡಿನಲ್ಲಿ ಜಾಗ ಖಾಲಿ ಇರುವುದಿಲ್ಲ. ಚೀನಾದ ಕೇಂದ್ರಗಳು ತುಂಬಿಕೊಂಡಿವೆ, ಬಿಬಿಸಿ ಇಂಗ್ಲಿಷ್ ಇದೆ, ಮತಪ್ರಸಾರದ ಕೇಂದ್ರಗಳಿವೆ. ಹಗಲಿನಲ್ಲಿ ಆಕಾಶದ ಕೆಳಪದರ ಕಡಿಮೆ ಫ್ರೀಕ್ವೆನ್ಸಿಯ ಅಲೆಗಳನ್ನು ನುಂಗಿಬಿಡುವುದರಿಂದ 25 ಮೀಟರಿಗೆ ಹೋಗಬೇಕು, ಸೂರ್ಯ ಮುಳುಗಿದ ಮೇಲೆ ಕೆಳಗಿಳಿಯಬೇಕು. ಮಕ್ಕಳು ಗಂಟೆಗೊಮ್ಮೆ ಒಂದೇ ಬ್ಯಾಂಡ್ ಕೇಳಿ ಬರೆದಿಟ್ಟರೆ ಸೂರ್ಯ ಮುಳುಗುವುದನ್ನು ಕಿವಿಯಿಂದಲೇ ಗುರುತಿಸಬಹುದು.

ಹಾಗಾದರೆ ಯಾವುದು? ನಿಮ್ಮ ತರಗತಿಗೆ ರೀಜನರೇಟಿವ್, ಎರಡು ಮಾತಿಲ್ಲ. ಸೂಪರ್‌ಹೆಟ್ ಅದಕ್ಕಿಂತ ಚೆನ್ನಾಗಿ ಹಾಡುತ್ತದೆ, ನಿಜ. ಆದರೆ ಅದು ಹಾಡದೆ ಇದ್ದರೆ ಏಕೆ ಹಾಡಲಿಲ್ಲವೆಂದು ಮಗುವಿಗೆ ತಿಳಿಯುವ ದಾರಿಯಿಲ್ಲ. ಎಲ್ಲ ಚಿಪ್ಪಿನೊಳಗೆ ನಡೆಯುತ್ತದೆ. ರೀಜನರೇಟಿವ್ ಕೆಟ್ಟರೆ ನೋಡಬೇಕಾದ ಜಾಗ ಆರೋ ಏಳೋ, ಎಲ್ಲವೂ ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಹ್ಯಾಮ್ ಪರೀಕ್ಷೆಗೆ ಕೂರಬೇಕೆಂದಿರುವ ದೊಡ್ಡವರಿಗಾದರೆ ಡೈರೆಕ್ಟ್ ಕನ್ವರ್ಶನ್ ಎನ್ನುತ್ತೇನೆ. ಅವರು ಒಂದಲ್ಲ ಒಂದು ದಿನ ಮಾತಾಡಲೂ ಬಯಸುತ್ತಾರೆ. ಮಾತಾಡಲು ಕೇಂದ್ರ ಸರಕಾರದ ಪರವಾನಗಿ ಬೇಕು, ಅಷ್ಟರವರೆಗೆ ಕೇಳಿ ಕಲಿಯಲು ಇದಕ್ಕಿಂತ ತಿಳಿಯಾದ ಕಿವಿ ಇಷ್ಟು ಹಣಕ್ಕೆ ಸಿಗದು. ನನ್ನದನ್ನು ಬದಿಯಡ್ಕದ ಒಬ್ಬರಿಗೆ ಈ ಉದ್ದೇಶಕ್ಕೇ ಕೊಟ್ಟಿದ್ದೇನೆ. ಸೂಪರ್‌ಹೆಟ್ ದೊಡ್ಡಪ್ಪನ ಮಂಚದ ಪಕ್ಕದ ಸ್ಟೂಲಿನ ಮೇಲಿದೆ, ಮುಳ್ಳು 100.3ರಲ್ಲಿ.

ತರಿಸುವಾಗ ಮೂರು ಸಂಗತಿ ನೋಡಿಕೊಳ್ಳಿ. ಏರಿಯಲ್ ಕಡೆಗೆ ತಡೆಯ ಟ್ರಾನ್ಸಿಸ್ಟರ್ ಇರಲಿ. ಕಾಯಿಲ್ ಬೋರ್ಡಿನ ಮೇಲೆ ಅಚ್ಚೊತ್ತಿದ್ದಾಗಲಿ ಕಾರ್ಖಾನೆಯಲ್ಲಿ ಸುತ್ತಿದ್ದಾಗಲಿ ಬೇಡ, ಕೈಯಲ್ಲಿ ಸುತ್ತುವುದೇ ಇರಲಿ. ಇಂಥ ಕಿಟ್ಟಿನ ಜೆಎಫ್‌ಇಟಿ ಬಗೆಯ ಟ್ರಾನ್ಸಿಸ್ಟರುಗಳಲ್ಲಿ ನಕಲಿ ಬಹಳ, ಎರಡು ಹೆಚ್ಚಿಗೆ ತರಿಸಿ. ತಂತಿ, ಪೈಪು, ಜೇನುಮೇಣ ನಮ್ಮ ಮನೆಯಲ್ಲಿದೆ. ಮಗಳು ಈಗ ಇನ್ನೊಂದು ಕಾಯಿಲ್ ಸುತ್ತುತ್ತಿದ್ದಾಳೆ, ಒಂಬತ್ತು ಸುತ್ತಿನದು, 25 ಮೀಟರಿನಿಂದ ಮೇಲಕ್ಕೆ ಹೋಗಲು. ಚಿಕ್ಕ ಸುರುಳಿಯ ಯಾವ ತುದಿ ಎಲ್ಲಿಗೆಂದು ಈ ಸಲ ಮೊದಲೇ ಕೆಂಪು ನೂಲು ಕಟ್ಟಿ ಗುರುತು ಮಾಡಿಟ್ಟಿದ್ದಾಳೆ. ಶನಿವಾರ ಮಕ್ಕಳನ್ನು ಕರೆದುಕೊಂಡು ಬನ್ನಿ.